ಔಷಧವನ್ನು ಅಳೆಯುವ ಡಿಎನ್‌ಎ

ಕಾಸರಗೋಡಿನ ಕ್ಯಾನ್ಸರ್ ರೋಗಿಗಳಲ್ಲಿ ಅನೇಕರು ಚಿಕಿತ್ಸೆಗಾಗಿ ಮಂಗಳೂರಿಗೋ ತಲಶ್ಶೇರಿಗೋ ಹೋಗಿಬರುತ್ತಾರೆ. ಅಂತಹ ಮನೆಯ ಮಗುವಿಗೆ, ನರದ ಮೂಲಕ ಏರಿಸುವ ಕೆಂಪು ಔಷಧದ ಸಂಗತಿ ತಿಳಿದಿರಬಹುದು. ಡಾಕ್ಸೊರುಬಿಸಿನ್ ಅಂತಹ ಒಂದು ಔಷಧ. ಇಟಲಿಯ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯ ಕುಲದಿಂದ ಬಂದುದರಿಂದ, ಅಲ್ಲಿನ ಏಡ್ರಿಯಾಟಿಕ್ ಸಮುದ್ರದ ನೆನಪಿಗೆ ಏಡ್ರಿಯಾಮೈಸಿನ್ ಎಂಬ ಹೆಸರೂ ಇದಕ್ಕಿದೆ.

ಇದರ ಅಣುವಿನ ಚಪ್ಪಟೆಯಾದ ಭಾಗವು ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ನುಸುಳಿ ಕೂರುತ್ತದೆ. ಶಾಲಾಚೀಲದ ಜಿಪ್ಪಿನಲ್ಲಿ ಬಟ್ಟೆಯ ಎಳೆ ಸಿಕ್ಕಿಕೊಂಡರೆ ಅದು ಮುಂದೆ ಸರಿಯದಷ್ಟೆ? ಹಾಗೆಯೇ ಡಿಎನ್‌ಎಯ ಪ್ರತಿಕೃತಿಯ ಕಾರ್ಯ ಸ್ಥಗಿತಗೊಂಡು ಕೋಶ ಸಾಯುತ್ತದೆ. ಆದರೆ ಒಟ್ಟು ಪ್ರಮಾಣ ಏರಿದಂತೆ ಈ ಔಷಧ ಹೃದಯಕ್ಕೂ ಹಾನಿಕರ. ಒಂದೇ ಪ್ರಮಾಣ ಪಡೆದ ಇಬ್ಬರ ರಕ್ತದಲ್ಲಿ ಉಳಿಯುವ ಔಷಧವೂ ಒಂದೇ ಸಮನಾಗಿರುವುದಿಲ್ಲ. ಆದ್ದರಿಂದ ಅಳತೆ ಬೇಕು.

ಅಳೆಯುವ ಉಪಾಯವು ಔಷಧದ ಸ್ವಭಾವದಲ್ಲೇ ಇದೆ. ಇಂಗಾಲದ ಸಣ್ಣ ವಿದ್ಯುದ್ವಾರದ ಮೇಲೆ ಡಿಎನ್‌ಎಯ ತೆಳುಪದರವನ್ನು ಹಚ್ಚಿ, ವಿಭವವನ್ನು ಕ್ರಮವಾಗಿ ಏರಿಸಿದಾಗ, ಗ್ವಾನೀನ್ ಎಂಬ ಪ್ರತ್ಯಾಮ್ಲವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಉತ್ಕರ್ಷಣಗೊಳ್ಳುತ್ತದೆ; ಆಗ ವಿದ್ಯುತ್ಪ್ರವಾಹದ ನಕ್ಷೆಯಲ್ಲಿ ಒಂದು ಶಿಖರ ಮೂಡುತ್ತದೆ. ಅದೇ ಪದರವನ್ನು ಔಷಧವಿರುವ ದ್ರಾವಣದಲ್ಲಿ ಕೆಲನಿಮಿಷ ಅದ್ದಿಟ್ಟು ಪರೀಕ್ಷಿಸಿದರೆ ಶಿಖರವು ಸಾಮಾನ್ಯವಾಗಿ ಕುಗ್ಗಿರುತ್ತದೆ. ಕುಗ್ಗಿದ ಎತ್ತರವನ್ನು, ಪ್ರಮಾಣ ಗೊತ್ತಿರುವ ದ್ರಾವಣಗಳ ಫಲಿತಾಂಶದೊಂದಿಗೆ ಹೋಲಿಸಿ ಔಷಧವೆಷ್ಟೆಂದು ಲೆಕ್ಕಹಾಕುತ್ತಾರೆ. ಇದೇ ವಿದ್ಯುದ್ರಾಸಾಯನಿಕ ಡಿಎನ್‌ಎ ಸಂವೇದಕ. ಡಿಎನ್‌ಎಯು ವಿದ್ಯುದ್ವಾರದಲ್ಲಿ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಜೆಕೊಸ್ಲೊವಾಕಿಯದ ಎಮಿಲ್ ಪಾಲೆಚೆಕ್ 1960ರಲ್ಲೇ ಪ್ರಕಟಿಸಿದ್ದರು.

ಮಕ್ಕಳಿಗೆ ಹತ್ತಿರದ ಹೋಲಿಕೆಯೆಂದರೆ ಮನೆಮನೆಯ ಗ್ಲುಕೋಮೀಟರ್. ಅದರ ಪಟ್ಟಿಯಲ್ಲಿ ಗ್ಲುಕೋಸನ್ನು ಗುರುತಿಸುವುದು ಕಿಣ್ವ. ಇಲ್ಲಿ ಔಷಧವನ್ನು ಗುರುತಿಸುವುದು ಡಿಎನ್‌ಎ. ಜೀವಶಾಸ್ತ್ರದ ಪುಸ್ತಕದಲ್ಲಿ ಡಿಎನ್‌ಎ, ರಸಾಯನಶಾಸ್ತ್ರದ ಪುಸ್ತಕದಲ್ಲಿ ಉತ್ಕರ್ಷಣ ಎಂದು ಬೇರ್ಪಟ್ಟಿರುವ ಪಾಠಗಳನ್ನು ಜೋಡಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಅಪರೂಪ.

ಆದರೂ ಈ ಸಂವೇದಕಗಳು ಹೆಚ್ಚಾಗಿ ಪ್ರಯೋಗಶಾಲೆಯಲ್ಲೇ ಉಳಿದಿವೆ. ಡಿಎನ್‌ಎಗೆ ಅಂಟುವ ಅಣುಗಳು ಹಲವು. ರಕ್ತದಲ್ಲಿರುವ ಯೂರಿಕ್ ಆಮ್ಲದಂತಹ ವಸ್ತುಗಳೂ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಳತೆಯನ್ನು ಕೆಡಿಸಬಲ್ಲವು. ಇನ್ನೊಂದು ಪ್ರಶ್ನೆಗೆ ಅಧ್ಯಾಪಕರು ಸಿದ್ಧರಿರಬೇಕು. 'ಅಮ್ಮನಿಗೆ ಗುಣವಾಗಿದೆಯೇ ಎಂದು ಇದು ಹೇಳುತ್ತದೆಯೇ?' ಎಂದು ಯಾವುದಾದರೂ ಮಗು ಕೇಳೀತು. ಇಲ್ಲ, ದ್ರಾವಣದಲ್ಲಿ ಔಷಧವೆಷ್ಟಿದೆಯೆಂದಷ್ಟೇ ಇದು ಹೇಳುತ್ತದೆ. ರೋಗದ ಸ್ಥಿತಿಯನ್ನು ಹೇಳಬೇಕಾದವರು ವೈದ್ಯರು.