ಕೊಲಂಬಿಯಾದಲ್ಲಿ ಮೀನಿನ ತಲೆಯೆಣಿಕೆ

ಅಣೆಕಟ್ಟಿನೊಳಗೆ ಒಂದು ಪುಟ್ಟ ಕೋಣೆ. ಗೋಡೆಗೆ ಗಾಜಿನ ಕಿಟಕಿ, ಅದರಾಚೆ ನೀರು. ಕಿಟಕಿಯೆದುರು ಕೂತವರ ಕೆಲಸ ಒಂದೇ, ಹಾದುಹೋಗುವ ಮೀನುಗಳನ್ನು ಎಣಿಸುವುದು. ಅಮೆರಿಕದ ಕೊಲಂಬಿಯಾ ನದಿಯ ಬಾನ್‌ವಿಲ್ ಅಣೆಕಟ್ಟಿನಲ್ಲಿ 1938ರಿಂದ ಈ ಎಣಿಕೆ ನಡೆದುಬಂದಿದೆ.

ಮೀನು ಕಿಟಕಿ ದಾಟುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಅಷ್ಟರಲ್ಲೇ ಅದು ಚಿನೂಕ್ ಸಾಲ್ಮನ್ನೋ, ಕೋಹೋ ಜಾತಿಯದೋ, ಸ್ಟೀಲ್‌ಹೆಡ್ಡೋ ಗುರುತಿಸಬೇಕು. ಸಮುದ್ರದಿಂದ ಬೇಗ ಮರಳಿದ ಚಿಕ್ಕ ಚಿನೂಕ್ ಗಂಡುಗಳಿಗೆ ‘ಜ್ಯಾಕ್’ ಎಂಬ ಬೇರೆಯೇ ಲೆಕ್ಕ. ಸ್ಟೀಲ್‌ಹೆಡ್ ಆದರೆ ಬಾಲದ ಹತ್ತಿರ ಬೆನ್ನ ಮೇಲಿನ ಕಿರುರೆಕ್ಕೆ ಇದೆಯೇ ಎಂದು ನೋಡಬೇಕು. ಸಾಕಣೆ ಕೇಂದ್ರದ ಮರಿಗಳಿಗೆ ಆ ರೆಕ್ಕೆ ಕತ್ತರಿಸಿಯೇ ನದಿಗೆ ಬಿಡುವುದು ವಾಡಿಕೆ. ರೆಕ್ಕೆ ಇದ್ದರೆ ಅದು ನದಿಯಲ್ಲೇ ಹುಟ್ಟಿದ್ದಿರಬಹುದು. ದಾಟಿದ ಮೀನು ಹಿಂದಕ್ಕೆ ಜಾರಿದರೆ ಲೆಕ್ಕದಿಂದ ಕಳೆಯಬೇಕು. ಗಂಟೆಗೆ 50 ನಿಮಿಷ ಎಣಿಕೆ, ಉಳಿದ ಹತ್ತು ನಿಮಿಷ ಕಣ್ಣಿಗೆ ಬಿಡುವು. ಮೀನುಗಾರಿಕೆಯನ್ನು ಯಾವಾಗ ತೆರೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬ ತೀರ್ಮಾನಕ್ಕೆ ಈ ಅಂಕಿಗಳೇ ಆಧಾರ. ಇಂಥ ತಾಳ್ಮೆಯ ದುಡಿಮೆಗೆ ಸಲ್ಲಬೇಕಾದ ಗೌರವ ಸಂದಿಲ್ಲ.

ಮೀನು ಇಲ್ಲಿಗೆ ಬರುವುದು ಏಣಿ ಹತ್ತಿ. ಅಣೆಕಟ್ಟಿನ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕಾಂಕ್ರೀಟ್ ತೊಟ್ಟಿಗಳಲ್ಲಿ ನೀರು ಸದಾ ಇಳಿಯುತ್ತಿರುತ್ತದೆ. ಸಾಲ್ಮನ್ ಆ ಹರಿವಿಗೆ ಎದುರಾಗಿ ಒಂದೊಂದೇ ತೊಟ್ಟಿ ದಾಟುತ್ತದೆ. ಹುಟ್ಟಿದ ಹೊಳೆಗೇ ಮರಳಿ ಮೊಟ್ಟೆಯಿಡುವುದು ಅದರ ಜಾಯಮಾನ.

ಹಡಗಿನ ದಾರಿ ಬೇರೆ. ಬಾರ್ಜ್‌ಗಳನ್ನು ತಳ್ಳಿಕೊಂಡು ಬರುವ ಟಗ್ ದೋಣಿ ಲಾಕ್ ಎಂಬ ಉದ್ದನೆಯ ಕಟ್ಟೆಯೊಳಗೆ ನಿಲ್ಲುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ಮೇಲಿನ ನೀರು ಕೊಳವೆಗಳಿಂದ ಒಳನುಗ್ಗುತ್ತದೆ. ಪಂಪು ಬೇಕಿಲ್ಲ. ಜಾನ್ ಡೇ ಅಣೆಕಟ್ಟಿನಲ್ಲಿ ಹೀಗೆ ಬಾರ್ಜ್ 30 ಮೀಟರಿಗೂ ಹೆಚ್ಚು ಮೇಲೇರುತ್ತದೆ. ಕೊಲಂಬಿಯಾದಲ್ಲಿ ನಾಲ್ಕು, ಅದರ ಉಪನದಿ ಸ್ನೇಕ್‌ನಲ್ಲಿ ನಾಲ್ಕು, ಒಟ್ಟು ಎಂಟು ಲಾಕ್ ಹತ್ತಿದರೆ ಪೆಸಿಫಿಕ್ ತೀರದಿಂದ ಸುಮಾರು 750 ಕಿ.ಮೀ. ಒಳಗಿರುವ ಐಡಾಹೊ ರಾಜ್ಯದ ಲೂಯಿಸ್ಟನ್ ಬಂದರು. ಒಳನಾಡಿನ ಗೋಧಿ ಸಮುದ್ರಕ್ಕಿಳಿಯುವುದು ಇದೇ ಹಾದಿಯಲ್ಲಿ.

ಈ ಅಣೆಕಟ್ಟುಗಳನ್ನು ಕಟ್ಟುವ ಕೆಲಸ ಶುರುವಾದದ್ದು ಆರ್ಥಿಕ ಮಹಾಕುಸಿತದ ದಿನಗಳಲ್ಲಿ. ಬಾನ್‌ವಿಲ್ಲನ್ನು 1937ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಲೋಕಾರ್ಪಣೆ ಮಾಡಿದರು. ಮೇಲ್ದಂಡೆಯ ಬೃಹತ್ ಗ್ರ್ಯಾಂಡ್ ಕೂಲಿಗೆ ಮೀನಿನ ಏಣಿಯೂ ಇಲ್ಲ, ಲಾಕೂ ಇಲ್ಲ. ಅಲ್ಲಿಂದಾಚೆಗೆ ಸಾಲ್ಮನ್‌ನ ದಾರಿಯೇ ಮುಚ್ಚಿಹೋಯಿತು. 1940ರಲ್ಲಿ, ಅದರ ಹಿನ್ನೀರಿನಲ್ಲಿ ಮುಳುಗಲಿದ್ದ ಕೆಟಲ್ ಜಲಪಾತದ ಬಳಿ ಮೂಲನಿವಾಸಿಗಳು ಸೇರಿ ‘ಕಣ್ಣೀರಿನ ವಿಧಿ’ ನಡೆಸಿದರು.

ಮುಂದಿನ ಸರದಿ ಸೆಲೈಲೋ ಜಲಪಾತದ್ದು. ಬಂಡೆಗಳಿಂದ ನೀರಿನ ಮೇಲಕ್ಕೆ ಚಾಚಿದ ಮರದ ಅಟ್ಟಣಿಗೆಯಲ್ಲಿ ನಿಂತು, ಉದ್ದ ಕೋಲಿನ ಬಲೆಯಿಂದ ಸಾವಿರಾರು ವರ್ಷ ಸಾಲ್ಮನ್ ಹಿಡಿದ ಜಾಗವದು. ದೂರದೂರದ ಜನ ವ್ಯಾಪಾರಕ್ಕೆ ಅಲ್ಲಿ ಸೇರುತ್ತಿದ್ದರು. 1957ರ ಮಾರ್ಚ್ 10ರಂದು ದಿ ಡ್ಯಾಲ್ಸ್ ಅಣೆಕಟ್ಟಿನ ಬಾಗಿಲು ಇಳಿಸಿದರು. ಕೆಲವೇ ಗಂಟೆಗಳಲ್ಲಿ ಜಲಪಾತ ಮುಳುಗಿತು. ಪರಿಹಾರ ಕೊಟ್ಟರು ನಿಜ, ಜಲಪಾತಕ್ಕೆ ಬೆಲೆ ಕಟ್ಟುವುದು ಹೇಗೆ? ತಾವು ರೂಢಿಯಿಂದ ಮೀನು ಹಿಡಿಯುವ ಜಾಗಗಳ ಹಕ್ಕನ್ನು ಯಾಕಮಾ, ಯುಮಟಿಲಾ, ವಾರ್ಮ್ ಸ್ಪ್ರಿಂಗ್ಸ್, ನೆಜ್ ಪರ್ಸ್ ಜನ 1855ರ ಒಪ್ಪಂದಗಳಲ್ಲೇ ಬರೆಸಿಕೊಂಡಿದ್ದರು.

ಏರುವ ಮೀನಿಗೆ ಏಣಿಯಾಯಿತು, ಸಮುದ್ರಕ್ಕಿಳಿಯುವ ಮರಿಗಳ ಪಾಡೇನು? ಹರಿವು ನಿಂತ ಜಲಾಶಯಗಳಲ್ಲಿ ಅವುಗಳ ಪಯಣ ನಿಧಾನ. ಬೇಟೆಯಾಡುವ ಮೀನು, ಹಕ್ಕಿ, ಟರ್ಬೈನ್ ಎಲ್ಲಕ್ಕೂ ತುತ್ತಾಗುತ್ತವೆ. ಹಾಗಾಗಿ ಸ್ನೇಕ್‌ನ ಅಣೆಕಟ್ಟುಗಳಲ್ಲಿ ಮರಿಗಳನ್ನು ಸೋಸಿ, ನೀರು ತುಂಬಿದ ಬಾರ್ಜ್‌ಗೆ ಹಾಕಿ, ಲಾಕ್‌ಗಳ ಮೂಲಕವೇ ಇಳಿಸಿ ಬಾನ್‌ವಿಲ್‌ನ ಕೆಳಗೆ ಬಿಡುವ ವ್ಯವಸ್ಥೆ ಮಾಡಿದ್ದಾರೆ. ನದಿಯ ಮೀನು ದೋಣಿ ಹತ್ತಿ ಸಮುದ್ರ ಸೇರಬೇಕಾಗಿದೆ.

ಸ್ನೇಕ್‌ನ ಆ ನಾಲ್ಕು ಅಣೆಕಟ್ಟುಗಳನ್ನು ತೆರವು ಮಾಡಿ ಎಂಬುದು ಮೂಲನಿವಾಸಿಗಳ ಬಹುಕಾಲದ ಬೇಡಿಕೆ. ಬಾರ್ಜ್ ನಿಂತರೆ ಗೋಧಿ ಸಾಗಿಸುವ ವೆಚ್ಚ ಏರುತ್ತದೆಂಬ ರೈತರ ಆತಂಕವೂ ಸುಳ್ಳಲ್ಲ. ರೈಲು ಮಾರ್ಗ ಸುಧಾರಿಸಿ ಆ ಹೊರೆಯನ್ನು ಸರ್ಕಾರ ಹೊರಬಹುದು. ಸಾಲ್ಮನ್‌ಗೆ ಇನ್ನೊಂದು ನದಿಯಿಲ್ಲ. 1855ರಲ್ಲಿ ಸಹಿ ಹಾಕಿದ ಅದೇ ನಾಲ್ಕು ಬುಡಕಟ್ಟುಗಳ ಜೊತೆ ಕೇಂದ್ರ ಸರ್ಕಾರ 2023ರ ಕೊನೆಯಲ್ಲಿ ಮೀನಿನ ಪುನಶ್ಚೇತನಕ್ಕೆಂದು ಹೊಸ ಒಡಂಬಡಿಕೆ ಮಾಡಿಕೊಂಡಿತು. 2025ರ ಜೂನ್‌ನಲ್ಲಿ ಅದರಿಂದ ಹಿಂದೆ ಸರಿಯಿತು.