ಕಾರಿನ ಮೈ ಬಿಗಿಯುವ ಬ್ರೇಸ್: ಲೋಹಕ್ಕಿಂತ ಆಕಾರ ದೊಡ್ಡದು

ಕಾರಿನ ಚಾಸಿಯ ಎರಡು ಅಥವಾ ಹೆಚ್ಚು ಜಾಗಗಳನ್ನು ಒಂದಕ್ಕೊಂದು ಬಿಗಿದು, ಅವುಗಳ ನಡುವಿನ ಅಂತರ ಬದಲಾಗದಂತೆ ತಡೆಯುವ ಸರಳು, ಕೊಳವೆ ಅಥವಾ ತಗಡಿಗೆ ಬ್ರೇಸ್ ಎನ್ನುತ್ತಾರೆ. ಎಂಜಿನ್ನಿನ ಮೇಲೆ ಅಡ್ಡಲಾಗಿ ಹಾಯುವ ಸ್ಟ್ರಟ್ ಬಾರ್, ಕಾರಿನ ತಳಕ್ಕೆ ಬಿಗಿಯುವ ಎಕ್ಸ್ ಆಕಾರದ ಚೌಕಟ್ಟು, ಡಿಕ್ಕಿಯೊಳಗಿನ ಅಡ್ಡಸರಳು ಎಲ್ಲವೂ ಈ ಜಾತಿಯವೇ. ನಾಲ್ಕು ಬೋಲ್ಟ್ ಬಿಗಿದರೆ ಕೆಲಸ ಮುಗಿಯುತ್ತದೆ, ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೂ ಬೀಳುತ್ತದೆ. ವೇಗದ ಕಾರು ಇಟ್ಟುಕೊಂಡವರು ಇದನ್ನು ಬೇಗ ಕೊಳ್ಳುವುದಕ್ಕೆ ಈ ಎರಡು ಕಾರಣ ಸಾಕು. ಆದರೆ ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಬೇರೆಯೇ ಸಂಗತಿಗಳು.

ರಸ್ತೆಯ ಮೇಲಿನ ಯಾವ ಕಾರೂ ಪೂರ್ತಿ ಗಟ್ಟಿಯಲ್ಲ. ಮುಂದಿನ ಒಂದು ಚಕ್ರ ಉಬ್ಬು ಹತ್ತಿದಾಗ ಮೈಯ ಮುಂಭಾಗ ಒಂದು ಕಡೆಗೂ ಹಿಂಭಾಗ ಇನ್ನೊಂದು ಕಡೆಗೂ ತುಸು ತಿರುಚಿಕೊಳ್ಳುತ್ತವೆ. ಒಂದು ಡಿಗ್ರಿ ತಿರುಚಲು ಎಷ್ಟು ನ್ಯೂಟನ್-ಮೀಟರ್ ತಿರುಗುಬಲ ಬೇಕು ಎಂಬುದೇ ಚಾಸಿಯ ತಿರುಚು ಬಿಗಿತದ ಅಳತೆ. 1996ರಲ್ಲಿ ಮಾರಾಟಕ್ಕೆ ಬಂದ ಲೋಟಸ್ ಎಲೀಸ್ ಕಾರಿನ ಚೌಕಟ್ಟು ಅಂಟಿನಿಂದ ಜೋಡಿಸಿದ ಅಲ್ಯೂಮಿನಿಯಂ ಪಟ್ಟಿಗಳದ್ದು. ಅದರ ಬಿಗಿತ ಡಿಗ್ರಿಗೆ ಸುಮಾರು 10,000 ನ್ಯೂಟನ್-ಮೀಟರ್. ಇಂದಿನ ಹಲವು ಮುಚ್ಚಿದ ಕಾರುಗಳಲ್ಲಿ ಈ ಅಂಕಿ 20,000 ದಾಟುತ್ತದೆ.

ಈ ಬಿಗಿತ ಏಕೆ ಬೇಕು? ಸಸ್ಪೆನ್ಷನ್ನಿನ ಸ್ಪ್ರಿಂಗುಗಳನ್ನು ಲೆಕ್ಕ ಹಾಕುವಾಗ ಅವು ಊರಿದ ನೆಲೆ ಅಲುಗದು ಎಂದು ಭಾವಿಸಲಾಗುತ್ತದೆ. ನೆಲೆಯೇ ಬಾಗಿದರೆ ಚಾಸಿ ಯಾರೂ ಲೆಕ್ಕಕ್ಕೆ ಹಿಡಿಯದ ಮೂರನೆಯ ಸ್ಪ್ರಿಂಗ್ ಆಗುತ್ತದೆ. ಮುಂದಿನ ಸಸ್ಪೆನ್ಷನ್ನಿನ ಬಿಗಿತ ಡಿಗ್ರಿಗೆ 600, ಹಿಂದಿನದು 400 ನ್ಯೂಟನ್-ಮೀಟರ್ ಎಂದಿಟ್ಟುಕೊಳ್ಳಿ. ಚಾಸಿ ಪರಿಪೂರ್ಣ ಗಟ್ಟಿಯಿದ್ದರೆ ಒಂದರ ಹಿಂದೊಂದು ನಿಂತ ಇವೆರಡರ ಒಟ್ಟು ಬಿಗಿತ 240. ಚಾಸಿಯ ಬಿಗಿತ ಬರೀ 2,000 ಇದ್ದರೆ ಒಟ್ಟು 214ಕ್ಕೆ ಇಳಿಯುತ್ತದೆ. 10,000 ಇದ್ದರೆ 234, ಅದನ್ನೇ ಇಮ್ಮಡಿಗೊಳಿಸಿ 20,000 ಮಾಡಿದರೆ 237. ಸಡಿಲ ಚಾಸಿಗೆ ಬಿಗಿತ ಕೂಡಿಸಿದರೆ ಲಾಭ ಕೈಗೆ ಸಿಗುತ್ತದೆ. ಈಗಾಗಲೇ ಬಿಗಿಯಿರುವ ಚಾಸಿಯನ್ನು ಎರಡರಷ್ಟು ಬಿಗಿ ಮಾಡಿದರೂ ಸಿಗುವುದು ನೂರಕ್ಕೆ ಒಂದು ಪಾಲು ಮಾತ್ರ. ಹೀಗಾಗಿ ಹಳೆಯ ಕಾರು, ಮೇಲ್ಛಾವಣಿಯಿಲ್ಲದ ಕಾರು ಮತ್ತು ರೇಸಿನ ಬಿರುಸು ಸ್ಪ್ರಿಂಗ್ ಹಾಕಿಸಿಕೊಂಡ ಕಾರುಗಳಿಗೆ ಬ್ರೇಸ್ ಹೆಚ್ಚು ದಕ್ಕುತ್ತದೆ.

ಬಿಗಿತದ ಇನ್ನೊಂದು ಲಾಭ ಕಂಪನಕ್ಕೆ ಸಂಬಂಧಿಸಿದ್ದು. ಒರಟು ರಸ್ತೆಯಲ್ಲಿ ಚಕ್ರಗಳು ಸೆಕೆಂಡಿಗೆ ಸುಮಾರು 10ರಿಂದ 15 ಬಾರಿ ಕುಪ್ಪಳಿಸುತ್ತವೆ. ತೆರೆದ ಕಾರಿನ ಮೈ ತನ್ನಷ್ಟಕ್ಕೆ ತಿರುಚಿ ನಡುಗುವ ಆವೃತ್ತಿಯೂ ಇದರ ಆಸುಪಾಸಿನಲ್ಲೇ ಇರುತ್ತದೆ. ಎರಡೂ ಕೂಡಿಕೊಂಡಾಗ ಡ್ಯಾಶ್‌ಬೋರ್ಡು, ಸ್ಟೀರಿಂಗು, ಕನ್ನಡಿ ಎಲ್ಲ ಒಟ್ಟಿಗೆ ಅದುರುತ್ತವೆ. ಬ್ರೇಸ್ ಹಾಕಿದರೆ ಮೈಯ ಆವೃತ್ತಿ ಮೇಲೇರಿ ಚಕ್ರಗಳ ಆವೃತ್ತಿಯಿಂದ ದೂರ ಸರಿಯುತ್ತದೆ. ಆದರೆ ಆವೃತ್ತಿ ಏರುವುದು ಬಿಗಿತದ ವರ್ಗಮೂಲದ ಪ್ರಮಾಣದಲ್ಲಿ. ಬಿಗಿತ ಎರಡರಷ್ಟಾದರೆ ಆವೃತ್ತಿ 1.4ರಷ್ಟು ಮಾತ್ರ ಆಗುತ್ತದೆ.

ಬಿಗಿತ ಹುಟ್ಟುವುದು ಎಲ್ಲಿಂದ ಎಂಬುದು ಈ ಇಡೀ ವಿಷಯದ ಅತ್ಯಂತ ಸೊಗಸಾದ ಭಾಗ. 50 ಮಿಲಿಮೀಟರ್ ವ್ಯಾಸದ, 1 ಮಿಲಿಮೀಟರ್ ದಪ್ಪದ ಗೋಡೆಯ ಉಕ್ಕಿನ ಕೊಳವೆಯನ್ನು ಉದ್ದಕ್ಕೂ ಒಂದೇ ಒಂದು ಕಡೆ ಸೀಳಿದರೆ ತೂಕ ಬದಲಾಗುವುದಿಲ್ಲ, ಲೋಹವೂ ಅದೇ. ಆದರೆ ತಿರುಚುವಿಕೆಯನ್ನು ತಡೆಯುವ ಅದರ ಶಕ್ತಿ 1,875ರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ತ್ರಿಜ್ಯವನ್ನು ದಪ್ಪದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಮೂರರಿಂದ ಗುಣಿಸಿದರೆ ಈ ಅಂಕಿ ಸಿಗುತ್ತದೆ. ಮುಚ್ಚಳ ಅಂಟಿಸಿದ ಶೂ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ತಿರುಚಲು ನೋಡಿ, ಆಮೇಲೆ ಮುಚ್ಚಳ ಕಿತ್ತು ತಿರುಚಿ ನೋಡಿದರೆ ಇದೇ ಪಾಠ ಕೈಗೇ ತಿಳಿಯುತ್ತದೆ. ಮುಚ್ಚಿದ ಆಕಾರದಲ್ಲಿ ಬಲ ಸುತ್ತಲೂ ಹರಿಯಬಲ್ಲದು. ತೆರೆದ ಆಕಾರದಲ್ಲಿ ಆ ಹಾದಿ ತುಂಡಾಗುತ್ತದೆ.

1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5ರಂಥ ತೆರೆದ ಕಾರುಗಳಿಗೆ ಅಂಟಿದ ತೊಂದರೆ ಇದೇ. ಛಾವಣಿ ಇಲ್ಲದ್ದರಿಂದ ಇಡೀ ಮೈ ಮುಚ್ಚಳವಿಲ್ಲದ ಡಬ್ಬಿ. ನಡುವೆ ಹಾಯುವ ಸುರಂಗದ ಬಾಯಿ ಕೆಳಕ್ಕೆ ತೆರೆದಿರುತ್ತದೆ. ಆ ಬಾಯನ್ನು ಅಡ್ಡಪಟ್ಟಿಗಳಿಂದ ಮುಚ್ಚುವ ತಳದ ಬ್ರೇಸ್ ಯಾರ ಕಣ್ಣಿಗೂ ಬೀಳದು. ಆದರೂ ಇಂಥ ಕಾರಿನಲ್ಲಿ ಬಾನೆಟ್ ಕೆಳಗಿನ ಹೊಳೆಯುವ ಸರಳಿಗಿಂತ ಹೆಚ್ಚು ದುಡಿಯುವುದು ಅದೇ.

ಬ್ರೇಸ್ ಕೂರುವ ಜಾಗದ ಮಹತ್ವಕ್ಕೆ ಫೋರ್ಡ್ ಮಸ್ಟಾಂಗ್ ಉತ್ತಮ ಉದಾಹರಣೆ. 1964ರಲ್ಲಿ ಬಿಡುಗಡೆಯಾದ ಆ ಕಾರಿನ ಮುಂದಿನ ಸ್ಪ್ರಿಂಗು ಸಸ್ಪೆನ್ಷನ್ನಿನ ಮೇಲಿನ ತೋಳಿನ ಮೇಲೆ ಕೂತು, ಎಂಜಿನ್ನಿನ ಇಕ್ಕೆಲದ ತಗಡಿನ ಗೋಪುರಗಳನ್ನು ಒತ್ತುತ್ತಿತ್ತು. ಅಮೆರಿಕದೊಳಗೆ ಮಾರುವ ಕಾರುಗಳಲ್ಲಿ ಗೋಪುರಗಳಿಂದ ಮುಂದಿನ ಗಾಜಿನ ಬುಡಕ್ಕೆ ಎರಡು ಬಿಡಿ ತಗಡುಪಟ್ಟಿಗಳಿದ್ದವು. ಹೊರದೇಶಗಳಿಗೆ ಹೋಗುವ ಕಾರುಗಳಿಗೆ ಎರಡು ಗೋಪುರ ಮತ್ತು ಗಾಜಿನ ಬುಡವನ್ನು ಒಂದೇ ತುಂಡಿನಲ್ಲಿ ಹಿಡಿಯುವ ಬ್ರೇಸ್ ಹಾಕುತ್ತಿದ್ದರು. 1965ರ ಶೆಲ್ಬಿ ಜಿಟಿ350 ಕಾರಿಗೆ ಇದೇ ಬ್ರೇಸಿನ ಜೊತೆ, ಗೋಪುರಗಳು ಒಳಕ್ಕೆ ವಾಲದಂತೆ ತಡೆಯುವ 'ಮಾಂಟೆ ಕಾರ್ಲೊ ಬಾರ್' ಎಂಬ ಅಡ್ಡಸರಳನ್ನೂ ಸೇರಿಸಲಾಯಿತು. ಎರಡೂ ಸೇರಿ ಮುಚ್ಚಿದ ತ್ರಿಕೋನ ರೂಪುಗೊಂಡಿತು. ಚೌಕವನ್ನು ಮೂಲೆ ಹಿಡಿದು ಒರಗಿಸಬಹುದು. ತ್ರಿಕೋನ ಒರಗಬೇಕಾದರೆ ಅದರ ಒಂದು ಬಾಹುವಿನ ಉದ್ದವೇ ಬದಲಾಗಬೇಕು.

ಬಲ ಬೀಳುವ ಜಾಗ ನೋಡುವ ಇದೇ ತರ್ಕದಿಂದ ಸ್ಟ್ರಟ್ ಬಾರ್ ಯಾವ ಕಾರಿಗೆ ಬೇಕು ಎಂಬುದೂ ತೀರ್ಮಾನವಾಗುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಹೊತ್ತು ಚಕ್ರವನ್ನೂ ಹಿಡಿಯುವ ಕಂಬ, ಇರುವ ಕಾರಿನಲ್ಲಿ ಸ್ಟ್ರಟ್ಟಿನ ತಲೆಯೇ ಚಕ್ರದ ವಾಲನ್ನು ನಿರ್ಧರಿಸುತ್ತದೆ. ತಿರುವಿನ ಅಡ್ಡಬಲದ ಒಂದು ಪಾಲು ಅಲ್ಲಿಗೇ ತಲುಪುತ್ತದೆ. ಹೀಗಾಗಿ ಎರಡು ತಲೆಗಳನ್ನು ಸೇರಿಸುವುದಕ್ಕೆ ಅರ್ಥವಿದೆ. ಡಬಲ್ ವಿಶ್‌ಬೋನ್ ಕಾರುಗಳಲ್ಲಿ ಚಕ್ರವನ್ನು ಹಿಡಿಯುವ ತೋಳುಗಳು ಕೆಳಗೆ ಬೇರೆ ಕಡೆ ಊರಿರುತ್ತವೆ. ಗೋಪುರದ ತಲೆಗೆ ಬರುವುದು ಹೆಚ್ಚಾಗಿ ಮೇಲ್ಮುಖ ಒತ್ತಡ. ಅಂಥ ಕಾರಿನಲ್ಲಿ ತೋಳುಗಳ ಬುಡವನ್ನು ಬಿಗಿಯುವ ಬ್ರೇಸಿಗೆ ಮೊದಲ ಆದ್ಯತೆ.

ಅಂಗಡಿಗಳಲ್ಲಿ ಬೇರೂರಿರುವ ದೊಡ್ಡ ಮೂಢನಂಬಿಕೆಯೆಂದರೆ ದುಬಾರಿ ಉಕ್ಕಿನ ಬ್ರೇಸ್ ಹೆಚ್ಚು ಬಿಗಿ ಎಂಬುದು. ಕ್ರೋಮೋಲಿ ಉಕ್ಕು ಸಾಮಾನ್ಯ ಉಕ್ಕಿಗಿಂತ ಹೆಚ್ಚು ಬಲಶಾಲಿ ಎನ್ನುವುದು ನಿಜ. ಅಂದರೆ ಶಾಶ್ವತವಾಗಿ ಡೊಂಕಾಗುವ ಮೊದಲು ಅದು ಹೆಚ್ಚು ಹೊರೆ ತಾಳುತ್ತದೆ. ಆದರೆ ಡೊಂಕಾಗುವ ಮಾತು ಬರುವುದಕ್ಕೂ ಮುಂಚೆ, ಒಂದೇ ಹೊರೆಗೆ ಎಷ್ಟು ಹಿಗ್ಗುತ್ತದೆ ಎಂಬುದನ್ನು ಹೇಳುವ ಯಂಗ್ ಗುಣಾಂಕ ಎರಡಕ್ಕೂ ಹೆಚ್ಚುಕಡಿಮೆ ಒಂದೇ: 205 ಗಿಗಾಪ್ಯಾಸ್ಕಲ್ ಆಸುಪಾಸು. ಕಾಯಿಸಿ ಹದಗೊಳಿಸಿದರೆ ಬಲ ಏರುತ್ತದೆ, ಬಿಗಿತ ಏರುವುದಿಲ್ಲ. ಬ್ರೇಸ್ ಮಾಡಬೇಕಾದ ಕೆಲಸ ಮಿಲಿಮೀಟರಿಗಿಂತ ಕಡಿಮೆ ಚಲನೆಯನ್ನು ತಡೆಯುವುದು. ಅಲ್ಲಿ ಮುರಿಯುವ ಭಯವೇ ಇಲ್ಲದಿರುವಾಗ ಬಲಕ್ಕೆ ಹಣ ಸುರಿಯುವುದು ವ್ಯರ್ಥ. ಅಲ್ಯೂಮಿನಿಯಂ ಗುಣಾಂಕ ಸುಮಾರು 70 ಗಿಗಾಪ್ಯಾಸ್ಕಲ್, ಉಕ್ಕಿನ ಮೂರನೇ ಒಂದು ಪಾಲು. ತೂಕವೂ ಮೂರನೇ ಒಂದು ಪಾಲೇ. ಆದ್ದರಿಂದ ಉಕ್ಕಿನಷ್ಟೇ ಅಡ್ಡಳತೆ, ಅಷ್ಟೇ ದಪ್ಪದ ಗೋಡೆ ಇರುವ ಅಲ್ಯೂಮಿನಿಯಂ ಬ್ರೇಸ್ ಹಗುರವಾಗುತ್ತದೆ, ಆದರೆ ಅಷ್ಟೇ ಮಟ್ಟಿಗೆ ಸಡಿಲವೂ ಆಗುತ್ತದೆ.

ಬಾಗು ಇನ್ನೂ ದುಬಾರಿ. 25 ಮಿಲಿಮೀಟರ್ ವ್ಯಾಸದ ತೆಳು ಕೊಳವೆಯ ನಡುಭಾಗವನ್ನು ಎಂಜಿನ್ ತಪ್ಪಿಸಲು 50 ಮಿಲಿಮೀಟರ್ ಮೇಲಕ್ಕೆ ಮಣಿಸಿದರೆ, ತುದಿಗಳು ಕೀಲಿನ ಹಾಗೆ ತಿರುಗುವಂತಿದ್ದಾಗ, ಉದ್ದದ ದಿಕ್ಕಿನ ಬಿಗಿತ ನೇರ ಕೊಳವೆಯದ್ದರ ಹನ್ನೆರಡನೇ ಒಂದು ಪಾಲಿಗೆ ಇಳಿಯುತ್ತದೆ. ಎಳೆತ ಹೋಗಿ ಬಾಗುವಿಕೆ ಬರುವುದೇ ಇದಕ್ಕೆ ಕಾರಣ. ಉದ್ದ ಹೊಂದಿಸಲು ತಿರುಪು ಮತ್ತು ಕೀಲುಗಳಿರುವ ಬ್ರೇಸುಗಳಲ್ಲಿ ಪ್ರತಿ ಕೀಲೂ ಸಡಿಲಿಕೆಗೆ ಒಂದು ಬಾಗಿಲು. ತೆಳು ತಗಡಿನ ಬ್ರಾಕೆಟ್ಟಿನ ಮೇಲೆ ದಪ್ಪ ಸರಳು ಕೂರಿಸಿದರೆ ಮಣಿಯುವುದು ಬ್ರಾಕೆಟ್ಟೇ. ನೇರವಾದ, ಒಂದೇ ತುಂಡಿನ, ತುದಿಯಲ್ಲಿ ದಪ್ಪ ತಗಡು ಬೆಸೆದ ಬ್ರೇಸ್ ಎಂದಿಗೂ ಮೇಲು.

ಕೊಳ್ಳುವ ಮುಂಚೆ ಅಳೆಯುವ ಸುಲಭ ದಾರಿಯೂ ಇದೆ. ಎರಡು ಗೋಪುರಗಳಿಗೂ ಒಂದೊಂದು ಕಡ್ಡಿ ಬಿಗಿದು, ಒಂದು ಇನ್ನೊಂದರೊಳಗೆ ಜಾರುವಂತೆ ಮಾಡಿ, ಒಳಕ್ಕೆ ಜಾರುವ ಕಡ್ಡಿಯ ಮೇಲೆ ಬಿಗಿಯಾದ ರಬ್ಬರ್ ಉಂಗುರ ತೊಡಿಸಿ ಕಾರು ಓಡಿಸಬೇಕು. ಗೋಪುರಗಳು ಹತ್ತಿರ ಬಂದಾಗಲೆಲ್ಲ ಉಂಗುರ ಸರಿದು ಅಲ್ಲೇ ನಿಲ್ಲುತ್ತದೆ. ಉಂಗುರ ಸರಿಯದಿದ್ದರೆ ಆ ಜಾಗದಲ್ಲಿ ಬ್ರೇಸಿಗೆ ಕೆಲಸವಿಲ್ಲ.

ಅಳವಡಿಸುವಾಗ ಕಾರು ಸಮನೆಲದ ಮೇಲೆ ತನ್ನ ಚಕ್ರಗಳ ಮೇಲೆ ನಿಂತಿರಬೇಕು. ಜಾಕ್ ಮೇಲೆತ್ತಿ ಬಿಗಿದರೆ ಇಳಿಸಿದ ಮೇಲೆ ಚಾಸಿಯಲ್ಲಿ ಬೇಡದ ಒತ್ತಡ ಉಳಿಯುತ್ತದೆ. ಅಪಘಾತದಲ್ಲಿ ಒಂದು ಗೋಪುರಕ್ಕೆ ಬಿದ್ದ ಪೆಟ್ಟನ್ನು ಸ್ಟ್ರಟ್ ಬಾರ್ ಇನ್ನೊಂದಕ್ಕೂ ದಾಟಿಸಬಹುದು ಎಂಬುದೂ ಗಮನದಲ್ಲಿರಬೇಕು. ಬೆಸುಗೆ ಹಾಕಿ ಚಾಸಿಯನ್ನೇ ಬದಲಿಸುವುದು ಕಾನೂನಿನ ಮಾತೂ ಹೌದು. ಭಾರತದಲ್ಲಿ ವಾಹನದ ಮೂಲ ರಚನೆಯ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿಯಂತ್ರಿಸುತ್ತದೆ.

ಬಿಗಿತ ಕಂಪನದ ಆವೃತ್ತಿಯನ್ನು ಬದಲಿಸುತ್ತದೆಯೇ ಹೊರತು ಕಂಪನವನ್ನು ನುಂಗುವುದಿಲ್ಲ. ಉಕ್ಕು ಬಾಗಿದಾಗ ಪಡೆದ ಶಕ್ತಿಯನ್ನು ಬಹುಪಾಲು ಹಾಗೇ ಹಿಂದಿರುಗಿಸುತ್ತದೆ. ಯಮಹಾ ಕಂಪನಿ ತಯಾರಿಸುವ ಪರ್ಫಾರ್ಮೆನ್ಸ್ ಡ್ಯಾಂಪರ್ ಈ ಕೊರತೆಗೆ ಉತ್ತರ. ಬ್ರೇಸಿನ ಜಾಗದಲ್ಲೇ ಕೂತು, ಒಳಗಿನ ಎಣ್ಣೆಯ ಘರ್ಷಣೆಯಿಂದ ಮೈಯ ಸಣ್ಣ ನಡುಕವನ್ನು ಅದು ಶಾಖವಾಗಿ ಪರಿವರ್ತಿಸುತ್ತದೆ.

ಒಟ್ಟಿನಲ್ಲಿ ಬ್ರೇಸ್ ಆಯ್ಕೆಗೆ ಒಂದು ಕ್ರಮವಿದೆ. ಮೊದಲು ಸವೆದ ಟೈರು, ಹಣ್ಣಾದ ಬುಷ್, ತಪ್ಪಿದ ವೀಲ್ ಅಲೈನ್‌ಮೆಂಟ್ ಸರಿಪಡಿಸಬೇಕು. ಆಮೇಲೆ ಮೈ ಎಲ್ಲಿ ಮಣಿಯುತ್ತದೆ ಎಂದು ಅಳೆಯಬೇಕು. ಮಣಿಯುವ ಜಾಗಕ್ಕೆ ನೇರವಾದ, ಕೀಲಿಲ್ಲದ ಬ್ರೇಸ್ ತರಬೇಕು. ಬಣ್ಣ, ಬ್ರ್ಯಾಂಡು, ಲೋಹದ ಹೆಸರು ಕೊನೆಯ ಮಾತು.