ಖುಕ್ರಿ: ಶಬ್ದಕ್ಕೆ ಕಿವಿಗೊಟ್ಟ ಹಡಗು

ಒಂಬತ್ತನೇ ತರಗತಿಯ ಶಬ್ದದ ಪಾಠದಲ್ಲಿ ಸೋನಾರ್ ಲೆಕ್ಕ ನಾವೆಲ್ಲರೂ ಮಾಡಿದ್ದೇವೆ. ಹಡಗಿನಿಂದ ಹೊರಟ ಶಬ್ದ ಇಷ್ಟು ಸೆಕೆಂಡಿಗೆ ಮರಳಿ ಬಂತು, ನೀರಿನಲ್ಲಿ ಶಬ್ದದ ವೇಗ ಇಷ್ಟು, ದೂರ ಎಷ್ಟು? ಎರಡರಿಂದ ಭಾಗಿಸುವುದನ್ನು ಮರೆತು ನಾನು ಅಂಕ ಕಳೆದುಕೊಂಡದ್ದೂ ಉಂಟು. ಆ ಲೆಕ್ಕದ ಹಡಗಿನಲ್ಲಿ ಮನುಷ್ಯರೂ ಇರುತ್ತಾರೆಂದು ಆಗ ಹೊಳೆದಿರಲಿಲ್ಲ. ಐಎನ್‌ಎಸ್ ಖುಕ್ರಿಯ ಬಗ್ಗೆ ಓದಿದ ಮೇಲೆ ಹೊಳೆಯಿತು.

ಪ್ರತಿ ವರ್ಷ ಡಿಸೆಂಬರ್ 4ರಂದು ನೌಕಾಪಡೆಯ ದಿನ ಆಚರಿಸುತ್ತೇವೆ. 1971ರ ಯುದ್ಧದಲ್ಲಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದ ನೆನಪಿಗೆ. ಅದಾಗಿ ಐದು ದಿನಕ್ಕೆ ಬರುವ ಡಿಸೆಂಬರ್ 9 ಹೆಚ್ಚಿನವರಿಗೆ ಗೊತ್ತಿಲ್ಲ. ಸ್ವತಂತ್ರ ಭಾರತ ಯುದ್ಧದಲ್ಲಿ ಕಳೆದುಕೊಂಡ ಒಂದೇ ಒಂದು ಯುದ್ಧನೌಕೆ ಮುಳುಗಿದ್ದು ಆ ದಿನ.

ಖುಕ್ರಿ ದೊಡ್ಡ ಹಡಗಲ್ಲ. ಇಂಗ್ಲೆಂಡಿನ ಕೌಸ್ ಎಂಬಲ್ಲಿ ಕಟ್ಟಿದ, 1958ರಲ್ಲಿ ನಮ್ಮ ನೌಕಾಪಡೆಗೆ ಸೇರಿದ ಫ್ರಿಗೇಟ್. ಉದ್ದ ಸುಮಾರು 310 ಅಡಿ. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳಿಂದ ಸರಕು ಹಡಗುಗಳನ್ನು ಕಳೆದುಕೊಂಡು ಸಾಕಾಗಿದ್ದ ಬ್ರಿಟಿಷರು, ಬೆಂಗಾವಲಿಗೆಂದೇ ಕಡಿಮೆ ಖರ್ಚಿನಲ್ಲಿ ರೂಪಿಸಿದ ಮಾದರಿ ಇದು. ಖರ್ಚು ಉಳಿಸಿದ್ದು ನೋಡಿದರೇ ತಿಳಿಯುತ್ತದೆ: ಒಂದೇ ಪ್ರೊಪೆಲ್ಲರ್, 40 ಮಿಲಿಮೀಟರಿನ ಮೂರು ಚಿಕ್ಕ ಫಿರಂಗಿಗಳು, ನೀರಿನಡಿಯ ಶತ್ರುವಿನ ಮೇಲೆ ಬಾಂಬು ಎಸೆಯಲು ಎರಡು ಮಾರ್ಟರ್. ಆ ಮಾರ್ಟರಿನ ಬಾಂಬು ಹೋಗುವುದು ಸಾವಿರ ಗಜದಷ್ಟು ದೂರ, ಅಂದರೆ ಒಂದು ಕಿಲೋಮೀಟರಿಗಿಂತಲೂ ಕಡಿಮೆ. ಟಾರ್ಪಿಡೊ ಹಲವು ಕಿಲೋಮೀಟರ್ ಓಡಬಲ್ಲದು. ಬೇಟೆಗಾರನ ಕೈಯಲ್ಲಿ ಕೋಲು, ಬೇಟೆಯ ಕೈಯಲ್ಲಿ ಬಂದೂಕು!

ಆ ಬೇಟೆಯ ಹೆಸರು ಹಂಗೋರ್. ಫ್ರಾನ್ಸಿನಲ್ಲಿ ತಯಾರಾದ, ಆಗಿನ ಕಾಲಕ್ಕೆ ಹೊಸದಾದ ಪಾಕಿಸ್ತಾನಿ ಜಲಾಂತರ್ಗಾಮಿ. ಬಂಗಾಳಿಯಲ್ಲಿ ಹಂಗೋರ್ ಎಂದರೆ ಶಾರ್ಕ್ ಮೀನು. ಬಂಗಾಳದ ಕಾರಣಕ್ಕೇ ನಡೆದ ಯುದ್ಧದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಗೆ ಬಂಗಾಳಿ ಮೀನಿನ ಹೆಸರು ಎಂಬುದು ನನಗೆ ವಿಚಿತ್ರವಾಗಿ ಕಂಡಿತು.

ಹಂಗೋರ್ ಕಳಿಸಿದ ರೇಡಿಯೋ ಸಂದೇಶಗಳು ನಮ್ಮವರಿಗೆ ಸಿಕ್ಕಿದವು. ಅದು ಸೌರಾಷ್ಟ್ರದ ಕರಾವಳಿಯಾಚೆ ಇದೆಯೆಂದು ಗೊತ್ತಾಯಿತು. ಹುಡುಕಿ ಹೊಡೆಯುವ ಕೆಲಸ ಮುಂಬೈಯಲ್ಲಿದ್ದ ಖುಕ್ರಿ, ಕಿರ್ಪಾನ್, ಕುಠಾರ್ ಎಂಬ ಮೂರು ಒಡಹುಟ್ಟಿದ ಹಡಗುಗಳ ಪಾಲಿಗೆ ಬಂತು. ಕುಠಾರ್ ಯಂತ್ರ ಕೆಟ್ಟು ನಿಂತಿತ್ತು. ಡಿಸೆಂಬರ್ 8ರಂದು ಉಳಿದ ಎರಡು ಹೊರಟವು. ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ. ಗೋರಖ್‌ಪುರದಲ್ಲಿ ಹುಟ್ಟಿದವರು, ವಯಸ್ಸು 45. (ಮುಲ್ಲಾ ಎಂದು ಓದಿದ ಕೂಡಲೇ ನಮ್ಮವರೇ ಇರಬೇಕೆಂದುಕೊಂಡೆ. ಅದು ಕಾಶ್ಮೀರಿ ಪಂಡಿತರ ಮನೆತನದ ಹೆಸರಂತೆ.)

ಇಲ್ಲಿ ನಮ್ಮ ಪಾಠದ ಲೆಕ್ಕಕ್ಕೆ ಬರೋಣ. ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ. ಶತ್ರು ಮೂರು ಕಿಲೋಮೀಟರ್ ದೂರದಲ್ಲಿದ್ದರೆ ಪ್ರತಿಧ್ವನಿ ಬರಲು ನಾಲ್ಕು ಸೆಕೆಂಡ್ ಬೇಕು. ಪುಸ್ತಕದಲ್ಲಿ ಅಷ್ಟೇ. ಸಮುದ್ರದಲ್ಲಿ ಆ ಕ್ಷೀಣ ಪ್ರತಿಧ್ವನಿಯನ್ನು ಹಡಗಿನದೇ ಗದ್ದಲದ ನಡುವೆ ಕೇಳಿಸಿಕೊಳ್ಳಬೇಕು. ವೇಗ ಹೆಚ್ಚಿದಷ್ಟೂ ಪ್ರೊಪೆಲ್ಲರಿನ ಸದ್ದು ಹೆಚ್ಚುತ್ತದೆ, ನೀರು ಹಡಗಿನ ಮೈಗೆ ಉಜ್ಜುವ ಸದ್ದೂ ಹೆಚ್ಚುತ್ತದೆ. ಮೇಲಿನ ನೀರು ಬೆಚ್ಚಗೆ, ಕೆಳಗಿನದು ತಣ್ಣಗೆ ಇರುವುದರಿಂದ ಶಬ್ದ ನೇರ ಹೋಗದೆ ಬಾಗುವುದೂ ಇದೆ, ನೀರಿಗಿಳಿದ ಬೆಳಕು ಬಾಗಿದ ಹಾಗೆ. ಕೆಳಗಡೆ ಇಂಜಿನ್ ನಿಲ್ಲಿಸಿ, ಬ್ಯಾಟರಿಯಲ್ಲಿ ಸದ್ದಿಲ್ಲದೆ ಕುಳಿತವನಿಗೆ ಈ ತೊಂದರೆ ಕಡಿಮೆ. ಮೇಲೆ ಹೋಗುವ ಹಡಗಿನ ಸದ್ದನ್ನು ಅವನು ಬಹಳ ದೂರದಿಂದಲೇ ಹಿಡಿಯಬಲ್ಲ.

ಖುಕ್ರಿಯ ಸೋನಾರಿನ ಕೇಳುವ ದೂರವನ್ನು ಹೆಚ್ಚಿಸಲು ನೌಕಾಪಡೆಯ ಒಬ್ಬ ಯುವ ಅಧಿಕಾರಿ ಅದಕ್ಕೊಂದು ಸುಧಾರಣೆ ಮಾಡಿದ್ದರು. ಅದರ ಪ್ರಯೋಗವೂ ಆ ಪಯಣದಲ್ಲೇ ನಡೆಯುತ್ತಿತ್ತು. ಆ ಅಧಿಕಾರಿಯೂ ಹಡಗಿನಲ್ಲಿದ್ದರು. ಪ್ರಯೋಗ ಫಲ ಕೊಡಬೇಕಾದರೆ ನಿಧಾನ ಹೋಗಬೇಕು. ಆದರೆ ಜಲಾಂತರ್ಗಾಮಿ ಇರುವಲ್ಲಿ ವೇಗವಾಗಿ, ಅಂಕುಡೊಂಕಾಗಿ ಹೋಗಬೇಕೆನ್ನುವುದು ನಾವಿಕರ ಹಳೆಯ ಪಾಠ. ನೇರ ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವ ಹಡಗು ಇನ್ನು ಹತ್ತು ನಿಮಿಷಕ್ಕೆ ಎಲ್ಲಿರುತ್ತದೆಂದು ಶತ್ರುವೂ ಲೆಕ್ಕ ಹಾಕಬಲ್ಲ. ನಿಧಾನವಾದರೆ ಶತ್ರುವಿನ ಸುಳಿವು ಸಿಗುತ್ತದೆ, ಆದರೆ ನಾವೂ ಅವನಿಗೆ ಸಿಗುತ್ತೇವೆ. ಖುಕ್ರಿ ನಿಧಾನವನ್ನೇ ಆರಿಸಿಕೊಂಡಿತು. ಅದು ತಪ್ಪೆಂದು ಆಮೇಲೆ ಅನೇಕರು ಬರೆದಿದ್ದಾರೆ. ಆದರೆ ಶತ್ರುವನ್ನು ಕಂಡುಹಿಡಿಯಲೆಂದೇ ಕಳಿಸಿದ ಹಡಗು, ಅದರ ಕಿವಿಯೋ ಮಂದ. ಬೇರೆ ದಾರಿ ಎಷ್ಟಿತ್ತು ಎಂದು ನಾನು ಕೇಳುತ್ತೇನೆ.

ಡಿಸೆಂಬರ್ 9, ರಾತ್ರಿ ಎಂಟು ದಾಟಿತ್ತು. ದಿಯುವಿನಿಂದ ಸುಮಾರು 40 ನಾಟಿಕಲ್ ಮೈಲಿ ದೂರ. ಹಂಗೋರ್ ಮೊದಲ ಟಾರ್ಪಿಡೊವನ್ನು ಕಿರ್ಪಾನ್ ಕಡೆ ಬಿಟ್ಟಿತು. ಅದು ಸಿಡಿಯಲಿಲ್ಲ. ಮುಂದಿನದು ಖುಕ್ರಿಗೆ ಬಡಿಯಿತು. ಎಷ್ಟು ಟಾರ್ಪಿಡೊ ತಗುಲಿದವು ಎಂಬುದರಲ್ಲಿ ಎರಡು ದೇಶದವರ ಮಾತು ಹೊಂದುವುದಿಲ್ಲ. ಹಡಗು ಕೆಲವೇ ನಿಮಿಷಗಳಲ್ಲಿ ಮುಳುಗಿತು ಎಂಬುದರಲ್ಲಿ ಭೇದವಿಲ್ಲ. ಕೆಳಗಿನ ಅಂತಸ್ತುಗಳಲ್ಲಿದ್ದವರಿಗೆ ಕತ್ತಲಲ್ಲಿ ಏಣಿ ಹತ್ತಿ ಮೇಲೆ ಬರಲು ಹೊತ್ತೇ ಸಿಗಲಿಲ್ಲ. ಕ್ಯಾಪ್ಟನ್ ಮುಲ್ಲಾ ಕೈಗೆ ಸಿಕ್ಕವರನ್ನು ನೀರಿಗೆ ದೂಡಿ, ತಮ್ಮ ಲೈಫ್ ಜಾಕೆಟನ್ನು ಒಬ್ಬ ನಾವಿಕನಿಗೆ ಕೊಟ್ಟು, ತಾವು ಹಡಗಿನಲ್ಲೇ ಉಳಿದರು. ಇದನ್ನು ಹೇಳಿದವರು ಬದುಕಿ ಬಂದವರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಕಿರ್ಪಾನ್ ತಕ್ಷಣ ಅಲ್ಲಿಂದ ದೂರ ಸರಿಯಿತು. ನಿಂತಿದ್ದರೆ ಅದೂ ಹೋಗುತ್ತಿತ್ತು. ನೀರಿನಲ್ಲಿ ತೇಲುತ್ತಿದ್ದವರಿಗೆ ಆ ರಾತ್ರಿ ಎಷ್ಟು ಉದ್ದವಾಗಿರಬೇಕು! ಮರುದಿನ ಸಹಾಯಕ್ಕೆ ಹಡಗು ಬಂದಾಗ 67 ಮಂದಿ ಬದುಕಿದ್ದರು. ತೀರಿಕೊಂಡವರು 18 ಅಧಿಕಾರಿಗಳು, 176 ನಾವಿಕರು. ಸೋನಾರ್ ಸುಧಾರಿಸಿದ ಆ ಅಧಿಕಾರಿಯೂ ಅವರಲ್ಲಿ ಒಬ್ಬರು. ದಫನ ಮಾಡಲು, ದಹನ ಮಾಡಲು ಮನೆಯವರಿಗೆ ದೇಹಗಳೂ ಸಿಗಲಿಲ್ಲ. ಹುಡುಕಾಟ ದಿನಗಟ್ಟಲೆ ನಡೆದರೂ ಹಂಗೋರ್ ತಪ್ಪಿಸಿಕೊಂಡು ಕರಾಚಿ ಸೇರಿತು.

ದಿಯುವಿನ ಸಮುದ್ರದಂಚಿನ ಗುಡ್ಡದ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಖುಕ್ರಿಯ ಮಾದರಿಯನ್ನಿಟ್ಟು ಸ್ಮಾರಕ ಮಾಡಿದ್ದಾರೆ. ಅದೇ ಹೆಸರಿನ ಎರಡನೇ ಹಡಗು 1989ರಿಂದ 2021ರವರೆಗೆ ಸೇವೆ ಸಲ್ಲಿಸಿ, ಈಗ ದಿಯುವಿನಲ್ಲೇ ಸಂಗ್ರಹಾಲಯವಾಗಿದೆ. ಹಂಗೋರ್ ಕರಾಚಿಯ ಸಂಗ್ರಹಾಲಯದಲ್ಲಿದೆ. ಮೊದಲನೆಯ ಖುಕ್ರಿ ಅರಬ್ಬೀ ಸಮುದ್ರದ ತಳದಲ್ಲಿ, ತನ್ನವರೊಂದಿಗೆ ಇದೆ.